ಸೆಕೆಂಡಿಗೆ ತೊಂಬತ್ತು ಸುತ್ತು

ಕುತೈಸಿಯ ಸಂತೆಯಲ್ಲಿ, ಮೆಟ್ಟಿಲ ಕೆಳಗೆ,
ನುಗ್ಜಾರನ ಅಂಗಡಿ. ಮೊದಲು ಗಡಿಯಾರ ರಿಪೇರಿ,
ಈಗ ಜನ ಕಳಕೊಂಡದ್ದೆಲ್ಲ.
ನಾನಿನ್ನೂ ಸ್ಕ್ರೂ ಎಣಿಸಿ ಡಬ್ಬಿಗೆ ಹಾಕುವವಳು.

ರಿಯೋನಿ ಹೊಳೆಯ ಚಳಿ ಹೊತ್ತು ಬಂದರು ಲಮಾರಾ ಟೀಚರು,
ಉಣ್ಣೆಯ ಕಾಲುಚೀಲದೊಳಗೆ ಕರಿಯ ಹಾರ್ಡ್ ಡಿಸ್ಕು.
ದೀಪ ಹತ್ತುತ್ತದೆ, ಕಂಪ್ಯೂಟರಿಗೆ ಗುರುತು ಹತ್ತುವುದಿಲ್ಲ.
"ಮೇಜಿಂದ ಬಿತ್ತು. ಅಲ್ಲ, ಬೆಕ್ಕು ಬೀಳಿಸಿತು.
ಅಲ್ಲ, ನಾನೇ."

ಮೂಗಿನ ಹತ್ತಿರ ಹಿಡಿದ ನುಗ್ಜಾರ್.
"ಇದಕ್ಕೇಕೆ ಹುಳಿ ಪ್ಲಮ್ಮಿನ ವಾಸನೆ?"
ಯಾರೋ ಹೇಳಿದರೆಂದು ಅಕ್ಕನ ಮಗ
ರಾತ್ರಿಯಿಡೀ ಫ್ರೀಜರಿನಲ್ಲಿ ಇಟ್ಟಿದ್ದನಂತೆ,
ಚಟ್ನಿಯ ಬಾಟಲಿ ಪಕ್ಕ.
"ಮೀನು ಅಂದುಕೊಂಡನೋ ಏನೋ," ಗೊಣಗಿದ.
ಎರಡು ದಿನ ಮುಟ್ಟಲಿಲ್ಲ, ಒಣಗಲು ಬಿಟ್ಟ.

ಮೊದಲು ಕೇಬಲ್ಲು ಬದಲಿಸಿದ. ಆಮೇಲೆ ಪೋರ್ಟು.
"ಸಣ್ಣ ತಪ್ಪು ಮೊದಲು ಹುಡುಕು,
ದೊಡ್ಡದು ಎಲ್ಲಿಗೂ ಓಡಿಹೋಗುವುದಿಲ್ಲ."
ಕವಚ ಬಿಚ್ಚಿ, ನಡುವಿನ ಬೋರ್ಡು ಕಳಚಿ,
ನೇರ ತಂತಿ ಕೊಟ್ಟಾಗ ತಿರುಗಿತು.
ಟಕ್.
ಟಕ್. ಟಕ್.
ಕತ್ತಲಲ್ಲಿ ಚಿಲಕ ತಡಕುವ ಕೈಯ ಹಾಗೆ.
ತಟ್ಟನೆ ತಂತಿ ಕಿತ್ತ. "ಇನ್ನೊಮ್ಮೆ ತಿರುಗಿಸಿದರೆ
ಹಾಡನ್ನೇ ಕೆರೆದು ಹಾಕುತ್ತದೆ."

ಹಾಡು ಅಂದರೆ,
ಬೆಟ್ಟದ ಮೇಲಿನ ಹಳ್ಳಿಯ ಮೂವರು ಗಂಡಸರು,
ಮೂರು ಮೈಕು, ಮೂರು ಫೈಲು.
ಮೇಲಿನ ದನಿ ವರ್ಲಾಂ, ನಡುವಿನದು ಗೊಡೆರ್ದಿ,
ತಳದ್ದು ಪ್ಲಾತೋನ್. ಪದವಿಲ್ಲ ಅವನಿಗೆ, ಬರೀ "ಓ",
ಮಳೆಗೂ ಮದುವೆಗೂ ಅದೇ "ಓ".

ಬತುಮಿಯಿಂದ ಮಿನಿಬಸ್ಸಿನಲ್ಲಿ ಬಂತು
ಅದೇ ಮಾದರಿಯ ಇನ್ನೊಂದು ಡಿಸ್ಕು, ಬೋರ್ಡು ಸುಟ್ಟದ್ದು,
ತಲೆ ಮಾತ್ರ ನೆಟ್ಟಗಿದ್ದದ್ದು.
ಮೀನಿನ ಗಾಜಿನ ತೊಟ್ಟಿ ಮಗುಚಿ, ಬೆನ್ನಿಗೆ ಫಿಲ್ಟರು ಕೂಡಿಸಿ
ತಾನೇ ಮಾಡಿಕೊಂಡ ಧೂಳಿಲ್ಲದ ಗೂಡು.
ಉಸಿರು ಬಿಡಬೇಡ ಅಂದ. ಬಿಡಲಿಲ್ಲ.
ಕನ್ನಡಿಯಂಥ ತಟ್ಟೆ. ಅದರಲ್ಲಿ ಅವನ ಮೂಗು,
ನನ್ನ ಒಂದು ಕಣ್ಣು, ಬಲ್ಬು.
ಹಾಡು ಎಲ್ಲೂ ಕಾಣಲಿಲ್ಲ.

ತಲೆ ತೆಗೆದು ತಲೆ ಕೂರಿಸುವುದು
ಕತೆಯಲ್ಲಿ ಸುಲಭ.
ಇಲ್ಲಿ ಮೂರು ಗಂಟೆ, ಒಂದು ಚಿಮುಟ,
ಹರಿದ ಸಿಗರೇಟು ಪೊಟ್ಟಣದಿಂದ ಕತ್ತರಿಸಿದ ರಟ್ಟಿನ ಚೂರು.

ಒಂಬತ್ತು ದಿನ ಓದಿತು, ಹಿಂದಿನಿಂದ ಮುಂದಕ್ಕೆ,
ಮುಗ್ಗರಿಸಿದಲ್ಲಿ ಬಿಟ್ಟು, ತಿರುಗಿ ಬಂದು, ಮತ್ತೆ ಬಿಟ್ಟು.
ಪರದೆ ತುಂಬ ಹಸಿರು ಚೌಕ, ನಡುವೆ ಕೆಂಪಿನ ಒಂದು ಕೆರೆ.
ಕರೆಂಟು ಹೋದ ರಾತ್ರಿ ಲಾರಿಯ ಬ್ಯಾಟರಿ ಹೊತ್ತು ತಂದಳು
ಪಕ್ಕದ ಅಕ್ರೋಟಿನ ಜುಜುನಾ, ಬೈಯುತ್ತಲೇ.
ಆದರೂ ಕೆಂಪು ಕರಗಲಿಲ್ಲ.
ಪ್ಲಾತೋನ್ ಅದರೊಳಗೆ.

ಟೀಚರು ಇಬ್ಬರನ್ನೇ ಕೇಳಿದರು,
ನೆಲವಿಲ್ಲದ ಮನೆಯಲ್ಲಿ ನಡೆಯುವವರನ್ನು.
ನುಗ್ಜಾರ್ ರಸೀದಿ ಬರೆದ: ಮೂರರಲ್ಲಿ ಎರಡು ಪಾಲು.
"ಪೂರ್ತಿ ತಗೋ ಮಾರಾಯ,
ಪ್ಲಾತೋನ್ ಯಾವತ್ತೂ ತಡವಾಗಿಯೇ ಬರುತ್ತಿದ್ದ."
ನಕ್ಕರು ಅಂದುಕೊಂಡೆ.
ಮೂಗು ಒರೆಸಿಕೊಳ್ಳುತ್ತಿದ್ದರು.

ಮೇಜಿನ ಮೇಲಿನ್ನೂ ತಿರುಗುತ್ತಿತ್ತು ಡಿಸ್ಕು,
ಸೆಕೆಂಡಿಗೆ ತೊಂಬತ್ತು ಸುತ್ತು,
ಹಲಗೆಗೆ ಹತ್ತಿದ ತಗ್ಗಿನ ಗುಂಯ್.
ಟೀಚರು ಹಲಗೆಗೆ ಅಂಗೈ ಒತ್ತಿ
ಗೊಡೆರ್ದಿಯ ಸಾಲು ಗುನುಗಿದರು. ಕೂಡಲಿಲ್ಲ.
"ಅರ್ಧ ಸ್ವರ ಮೇಲಿದ್ದೀಯ," ಎಂದು ಗದರಿದರು,
ಯಾರಿಗೆ ಅಂತ ನಾವು ಕೇಳಲಿಲ್ಲ.

ನುಗ್ಜಾರ್ ಕರೆಂಟು ತೆಗೆದ.
ಸುತ್ತು ಸೋಲುತ್ತ, ದನಿ ಇಳಿಯುತ್ತ,
ಒಂದೇ ಒಂದು ಗಳಿಗೆ
ಸರಿಯಾದ ಜಾಗಕ್ಕೆ ಬಂತು,
ನಿಲ್ಲದೆ ದಾಟಿಹೋಯಿತು.